ನಮ್ಮ ಬೆನ್ನೆಲುಬು ಮತ್ತು ಎದೆಗೂಡು

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಸಾಹಿತ್ಯ ಸಂಗೀತಗಳಿಗೆ ಮೀಸಲಾದ ಈ ವೇದಿಕೆಯ ಮೇಲೆ ಎಲುಬು ಕೀಲುಗಳ ಮಾತನ್ನಾಡಲು ಒಬ್ಬ ವೈದ್ಯನನ್ನು ಕರೆದಿರುವುದು ಕಾರ್ಯಕರ್ತರ ಔದಾರ್ಯ. ಆದರೆ ಈ ವಿಷಯವನ್ನು ನಾನು ಆರಿಸಿಕೊಂಡುದಕ್ಕೆ ಕಾರಣವೊಂದುಂಟು. ಮೊದಲು ಅದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ನಾನು ಕಾಸರಗೋಡಿನ ಕಡೆಯ ಅಡಕೆತೋಟದ ಮಗ್ಗುಲಲ್ಲಿ ಬೆಳೆದವನು. ನನಗೆ ಹತ್ತೋ ಹನ್ನೊಂದೋ ವರುಷವಾಗಿದ್ದಾಗ, ಒಂದು ಮಳೆಗಾಲದ ಬೆಳಗ್ಗೆ, ಔಷಧ ಸಿಂಪಡಿಸಲು ಮರವೇರಿದ್ದ ನೆರೆಮನೆಯಾತನೊಬ್ಬನು ಜಾರಿ ಬಿದ್ದನು. ನಾವೆಲ್ಲ ಓಡಿದೆವು. ಅವನಿಗೆ ಎಚ್ಚರವಿತ್ತು. ನೀರು ಕೇಳಿದನು. ನೋವಿನಿಂದ ಮುಲುಗುತ್ತ ಕಾಲಿನ ಬೆರಳುಗಳನ್ನು ಆಡಿಸಿದುದನ್ನು ನಾನು ಕಣ್ಣಾರೆ ಕಂಡೆ. ಬಂದವರೆಲ್ಲರೂ ಅವನ ಹಿತವನ್ನೇ ಬಯಸುವವರು. ಇಬ್ಬರು ಕಂಕುಳಿಗೆ ಕೈಕೊಟ್ಟರು, ಇಬ್ಬರು ಕಾಲುಗಳನ್ನು ಹಿಡಿದರು. ನಡುವೆ ಬೆನ್ನು ತೊಟ್ಟಿಲಿನಂತೆ ಜೋತುಬಿದ್ದಿತು. ಹಾಗೆಯೇ ಗುಡ್ಡೆಯನ್ನು ದಾಟಿಸಿ ರಸ್ತೆಗೆ ತಂದರು. ಆಮೇಲೆ ಅವನು ಬಹುಕಾಲ ಬದುಕಿದನು. ಆದರೆ ಆ ಬೆರಳುಗಳು ಮತ್ತೆ ಆಡಲಿಲ್ಲ. ಬಿದ್ದ ಪೆಟ್ಟೇ ಅದಕ್ಕೆ ಕಾರಣವೋ, ಎತ್ತಿದ ರೀತಿಯೋ, ಇಂದು ಯಾರೂ ನಿರ್ಣಯಿಸಲಾರರು. ಆದರೂ ವೈದ್ಯವಿದ್ಯಾರ್ಥಿಯಾಗಿ ಬೆನ್ನೆಲುಬಿನ ರಚನೆಯನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಈ ಒಂದಿಷ್ಟು ತಿಳಿವಳಿಕೆ ಅಂದು ಆ ತೋಟದಲ್ಲಿ ಒಬ್ಬರಿಗಾದರೂ ಇದ್ದಿದ್ದರೆ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆದುದರಿಂದಲೇ ಈ ಮಾತು. ಅದೂ ನಮ್ಮ ಮನೆಮಾತಿನಲ್ಲಿ.

ಕಂಬವಲ್ಲ, ಸರ

ಬೆನ್ನೆಲುಬು ಎಂದಾಗ ಒಂದು ನೆಟ್ಟನೆಯ ಕಂಬವನ್ನು ನೆನೆಯುವುದು ವಾಡಿಕೆ. ನಿಜವಾಗಿ ಅದು ಮಣಿಗಳ ಸರ. ಕುತ್ತಿಗೆಯಲ್ಲಿ 7, ಎದೆಯ ಹಿಂಬದಿಯಲ್ಲಿ 12, ಸೊಂಟದಲ್ಲಿ 5 ಮಣಿಗಳು ಬಿಡಿಬಿಡಿಯಾಗಿರುವುವು. ಅದರ ಕೆಳಗಿನ 5 ಮಣಿಗಳು ಪ್ರಾಯ ಬಂದಂತೆ ಬೆಸೆದು ತ್ರಿಕಾಸ್ಥಿಯಾಗುವುವು. ಕೊನೆಯ ನಾಲ್ಕು ಸಣ್ಣ ಮಣಿಗಳು ಬಾಲದ ಕುರುಹಾಗಿ ಉಳಿದಿರುವುವು. ಆಕಾಶಕ್ಕೆ ಕತ್ತೆತ್ತುವ ಜಿರಾಫೆಗೂ ಕುತ್ತಿಗೆಯಲ್ಲಿ ನಮ್ಮಷ್ಟೇ ಏಳು ಮಣಿಗಳೆಂದರೆ ಮಕ್ಕಳಿಗೆ ಆಶ್ಚರ್ಯವಾದೀತು.

ಒಂದು ಮಣಿಗೂ ಇನ್ನೊಂದಕ್ಕೂ ಮೂರು ಕಡೆ ಸಂಧಿಯುಂಟು. ಮುಂಬದಿಯಲ್ಲಿ ಎರಡು ಮಣಿಗಳ ನಡುವೆ ಒಂದು ಮೆತ್ತೆ. ಹಿಂಬದಿಯಲ್ಲಿ ಎಡಬಲಗಳಲ್ಲಿ ಒಂದೊಂದು ಜಾರುಕೀಲು. ಮೆತ್ತೆ ಭಾರವನ್ನು ಹೊರುವುದು, ಜಾರುಕೀಲುಗಳು ಚಲನೆಯ ದಿಕ್ಕನ್ನು ನಿರ್ಣಯಿಸುವುವು. ಸೊಂಟದ ಜಾರುಕೀಲುಗಳು ಮುಂದಕ್ಕೂ ಹಿಂದಕ್ಕೂ ಬಾಗಲು ಬಿಡುವುವು, ತಿರುಚಲು ಹೆಚ್ಚಾಗಿ ಬಿಡವು. ಎದೆಯ ಭಾಗದವು ತಿರುಗಲು ಬಿಡುವುವು, ಆದರೆ ಪಕ್ಕೆಲುಬುಗಳ ಕಟ್ಟು ಅಲ್ಲಿ ಬಾಗುವಿಕೆಯನ್ನು ತಡೆಯುವುದು. ಕುತ್ತಿಗೆಯಲ್ಲಿ ಎಲ್ಲಕ್ಕೂ ಅವಕಾಶ. ತಲೆಬುರುಡೆಗೂ ಮೊದಲ ಮಣಿಗೂ ನಡುವಣ ಕೀಲಿನಲ್ಲಿ ನಾವು 'ಹೌದು' ಎಂದು ತಲೆಯಾಡಿಸುತ್ತೇವೆ. ಮೊದಲ ಮತ್ತು ಎರಡನೆಯ ಮಣಿಗಳ ನಡುವೆ 'ಇಲ್ಲ' ಎಂದು ತಲೆಯಲ್ಲಾಡಿಸುತ್ತೇವೆ. ಎರಡನೆಯ ಮಣಿಯಿಂದ ಮೇಲೆದ್ದ ಗೂಟವೊಂದರ ಸುತ್ತ ಮೊದಲ ಮಣಿ ಬೀಸುವ ಕಲ್ಲಿನಂತೆ ಸುತ್ತುವುದು. ಕತ್ತಿನ ಒಟ್ಟು ತಿರುಗುವಿಕೆಯಲ್ಲಿ ಸುಮಾರು ಅರ್ಧದಷ್ಟು ಈ ಒಂದೇ ತಾಣದ್ದು.

ಇನ್ನು ಮೆತ್ತೆಗಳ ಮಾತು. ಅವು ಒಟ್ಟು 23. ಒಂದೊಂದರ ಹೊರಗೆ ನಾರಿನ ಸುತ್ತುಗಳು, ಈರುಳ್ಳಿಯ ಪದರಗಳಂತೆ. ಒಳಗೆ ಎಳನೀರಿನ ಗಂಜಿಯಂತಹ ಲೋಳೆ. ಹಗಲೆಲ್ಲ ಮೈಭಾರ ಹೊತ್ತು ಅವು ನೀರನ್ನು ಕಳೆದುಕೊಳ್ಳುವುವು, ಇರುಳು ಮಲಗಿದಾಗ ಮರಳಿ ಹೀರುವುವು. ಆದುದರಿಂದ ನಾವೆಲ್ಲರೂ ಬೆಳಗ್ಗೆ ಇರುವುದಕ್ಕಿಂತ ಸಂಜೆಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಗಿಡ್ಡರಾಗಿರುತ್ತೇವೆ. ಬೆಳೆದವರ ಮೆತ್ತೆಯ ಒಡಲಿಗೆ ರಕ್ತನಾಳಗಳಿಲ್ಲ. ಸುತ್ತಣ ಎಲುಬಿನಿಂದ ಒಸರಿಬರುವ ಪೋಷಣೆಯೇ ಅದಕ್ಕೆ ಆಹಾರ. ಆ ಒಸರುವಿಕೆ ಚೆನ್ನಾಗಿ ನಡೆಯಬೇಕಾದರೆ ಬೆನ್ನು ಆಡುತ್ತಿರಬೇಕು.

ಸುಶ್ರುತರ ದೋಣಿ

ಈ ಮಣಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ಗಾಳಿಗೇ ಉರುಳಿಯಾವು. ಅವುಗಳನ್ನು ಹಿಡಿದಿರುವುದು ಕಟ್ಟುಗಳು, ಎಂದರೆ ಅಸ್ಥಿಬಂಧಗಳು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ 300 ಎಲುಬು, 210 ಸಂಧಿ, 900 ಸ್ನಾಯು, 500 ಪೇಶಿಗಳ ಎಣಿಕೆಯಿದೆ. ಹಲ್ಲು, ಮೃದ್ವಸ್ಥಿಗಳನ್ನೂ ಎಲುಬಿಗೆ ಸೇರಿಸಿ ಎಣಿಸಿದುದರಿಂದ ಇಂದಿನ 206ಕ್ಕೂ ಆ ಲೆಕ್ಕಕ್ಕೂ ಅಂತರವುಂಟು. ಅಲ್ಲಿ ಒಂದು ಉಪಮೆ ಬರುತ್ತದೆ: ಹಲಗೆಗಳನ್ನು ಹಲವು ಹಗ್ಗಗಳಿಂದ ಬಿಗಿದು ಮಾಡಿದ ದೋಣಿ ಹೇಗೆ ನೀರಿನಲ್ಲಿ ಜನರ ಭಾರವನ್ನು ತಾಳುವುದೋ, ಹಾಗೆಯೇ ಸ್ನಾಯುಗಳಿಂದ ಬಿಗಿಯಲ್ಪಟ್ಟ ಸಂಧಿಗಳಿಂದ ಮನುಷ್ಯನು ಭಾರವನ್ನು ತಾಳುತ್ತಾನೆ ಎಂದು. ಮಲಬಾರ್ ಕರಾವಳಿಯಲ್ಲಿ ಹಿಂದೆ ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿದೇ ದೋಣಿ ಮಾಡುತ್ತಿದ್ದರು. ಈ ಸೀಮೆಯ ನಮಗೆ ಆ ಉಪಮೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲೊಂದು ಪದದ ಎಚ್ಚರಿಕೆ. ಸುಶ್ರುತರು 'ಸ್ನಾಯು' ಎಂದುದು ಕಟ್ಟುವ ನಾರನ್ನು. ಮಾಂಸಕ್ಕೆ ಅವರದು 'ಪೇಶಿ'. ನಮ್ಮ ಕನ್ನಡ ಪಾಠಪುಸ್ತಕಗಳಲ್ಲಿ 'ಸ್ನಾಯು' ಎಂದರೆ ಮಾಂಸಖಂಡವೇ. ಹಳೆಯ ಗ್ರಂಥವನ್ನೂ ಹೊಸ ಪುಸ್ತಕವನ್ನೂ ಒಟ್ಟಿಗೆ ಓದುವವರು ಇಲ್ಲಿ ಎಡವಬಾರದು. ಮುಂದೆ ನಾನು 'ಸ್ನಾಯು' ಎಂದಾಗ ಇಂದಿನ ಅರ್ಥವನ್ನೇ ಹಿಡಿಯಬೇಕೆಂದು ಕೋರುತ್ತೇನೆ.

ಮಣಿಗಳ ಮುಂಬದಿಯಲ್ಲಿ ಮೇಲಿನಿಂದ ಕೆಳತನಕ ಅಗಲವಾದ ಒಂದು ಪಟ್ಟಿ ಹರಿದಿದೆ. ಅದು ಬೆನ್ನು ಹಿಂದಕ್ಕೆ ಅತಿಯಾಗಿ ಬಾಗದಂತೆ ತಡೆಯುವುದು. ಮಣಿಗಳ ಹಿಂಬದಿಯಲ್ಲಿ ಇನ್ನೊಂದು ಪಟ್ಟಿ. ಅದು ಸೊಂಟದ ಬಳಿ ಕಿರಿದಾಗುತ್ತದೆ. ಮೆತ್ತೆಯ ನಾರು ಹರಿದು ಲೋಳೆ ಹೊರಚಾಚುವಾಗ ಸಾಮಾನ್ಯವಾಗಿ ಈ ಕಿರಿದಾದ ಪಟ್ಟಿಯ ಮಗ್ಗುಲಿನಿಂದಲೇ ಚಾಚುವುದು. ಅಲ್ಲಿಯೇ ಕಾಲಿಗಿಳಿಯುವ ನರದ ಬೇರು ಇರುವುದು. ಪೃಷ್ಠದಿಂದ ಹಿಮ್ಮಡಿಯವರೆಗೆ ಮಿಂಚಿನಂತೆ ಇಳಿಯುವ ನೋವಿಗೆ ಇದು ಮುಖ್ಯ ಕಾರಣವೆಂಬುದನ್ನು ಅಮೆರಿಕದ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು 1934ರಲ್ಲಿ ತೋರಿಸಿಕೊಟ್ಟರು. ಇನ್ನೂ ಹಿಂದೆ, ಮಣಿಗಳ ಕಮಾನುಗಳ ನಡುವೆ, ಹಳದಿ ಬಣ್ಣದ ಕಟ್ಟುಗಳಿವೆ. ಉಳಿದ ಕಟ್ಟುಗಳು ಹಗ್ಗದಂತೆ ಬಿಗಿಯಾದರೆ ಇವು ರಬ್ಬರಿನಂತೆ ಹಿಗ್ಗಿ ಕುಗ್ಗುವುವು. ಬಾಗಿದವನು ಮರಳಿ ನೆಟ್ಟಗಾಗಲು ನೆರವಾಗುವುವು.

ಇಷ್ಟೆಲ್ಲ ಕಾವಲು ಏತಕ್ಕೆ? ಮಣಿಗಳ ನಡುವಣ ಕೊಳವೆಯಲ್ಲಿ ಮಿದುಳಿನಿಂದ ಇಳಿದುಬಂದ ಬೆನ್ನುಹುರಿ ಇದೆ. ಕಿರುಬೆರಳಿನಷ್ಟೇ ದಪ್ಪದ, ಸುಮಾರು 45 ಸೆಂಟಿಮೀಟರ್ ಉದ್ದದ ಹುರಿ ಅದು. ಅದರಿಂದ 31 ಜೊತೆ ನರಗಳು ಹೊರಡುತ್ತವೆ. ಬೆನ್ನೆಲುಬು ಮುರಿದರೆ ಕೂಡಿಕೊಳ್ಳುವುದು. ಕಡಿದ ಬೆನ್ನುಹುರಿಯನ್ನು ಮೊದಲಿನಂತೆ ಕೂಡಿಸುವ ವಿದ್ಯೆ ಇನ್ನೂ ನಮ್ಮ ಕೈಗೆ ಬಂದಿಲ್ಲ.

ಉಸಿರಾಡುವ ಗೂಡು

ಎದೆಯ ಭಾಗದ ಹನ್ನೆರಡು ಮಣಿಗಳಿಂದ ಹನ್ನೆರಡು ಜೊತೆ ಪಕ್ಕೆಲುಬುಗಳು ಹೊರಟು ಗೂಡು ಕಟ್ಟುತ್ತವೆ. ಮೇಲಿನ 7 ಜೊತೆ ತಮ್ಮತಮ್ಮ ಮೃದ್ವಸ್ಥಿಗಳ ಮೂಲಕ ನೇರವಾಗಿ ಎದೆಮೂಳೆಗೆ ಸೇರುವುವು. ಮುಂದಿನ 3 ಜೊತೆ ಮೇಲಿನದರ ಮೃದ್ವಸ್ಥಿಯನ್ನು ಆಶ್ರಯಿಸುವುವು. ಕೊನೆಯ 2 ಜೊತೆ ಯಾರ ಹಂಗೂ ಇಲ್ಲದೆ ತೇಲಾಡುವುವು. ಹಿಂಬದಿಯಲ್ಲಿ ಹೆಚ್ಚಿನ ಪಕ್ಕೆಲುಬುಗಳು ಎರಡೆರಡು ಮಣಿಗಳ ಒಡಲನ್ನೂ ನಡುವಣ ಮೆತ್ತೆಯನ್ನೂ ಮುಟ್ಟಿ, ಮಣಿಯ ರೆಕ್ಕೆಯೊಡನೆ ಇನ್ನೊಂದು ಕೀಲನ್ನು ಮಾಡಿಕೊಂಡಿರುತ್ತವೆ.

ಈ ಗೂಡು ಜಡವಲ್ಲ. ಉಸಿರೆಳೆದಾಗ ಮೇಲಿನ ಪಕ್ಕೆಲುಬುಗಳು ಕೈಪಂಪಿನ ಹಿಡಿಯಂತೆ ಎದೆಮೂಳೆಯನ್ನು ಮುಂದಕ್ಕೂ ಮೇಲಕ್ಕೂ ತಳ್ಳುವುವು. ಕೆಳಗಿನವು ಬಕೆಟ್ಟಿನ ಹಿಡಿಯನ್ನು ಎತ್ತಿದಂತೆ ಪಕ್ಕಕ್ಕೆ ಅಗಲವಾಗುವುವು. ಪಕ್ಕೆಲುಬುಗಳ ನಡುವೆ ಒಂದೊಂದು ಮಗ್ಗುಲಿಗೆ 11ರಂತೆ ಸಂದುಗಳಿವೆ. ಅವುಗಳಲ್ಲಿ ಮೂರು ಪದರದ ಸ್ನಾಯುಗಳು ಓರೆಯಾಗಿ ಹೆಣೆದುಕೊಂಡಿವೆ. ಆದರೆ ಉಸಿರಾಟದ ಮುಖ್ಯ ದುಡಿಮೆ ವಪೆಯದು. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಹರಡಿರುವ ಈ ಸ್ನಾಯು ಕುಗ್ಗಿದಾಗ ಕೆಳಗಿಳಿದು, ಎದೆಗೂಡಿನ ಅವಕಾಶವನ್ನು ಹೆಚ್ಚಿಸುವುದು. ಗಾಳಿ ತಾನಾಗಿ ಒಳಬರುವುದು. ನಿಮಿಷಕ್ಕೆ 15 ಉಸಿರಿನಂತೆ ಲೆಕ್ಕ ಹಾಕಿದರೆ ದಿನಕ್ಕೆ 21,600 ಸಲ ಈ ಕೆಲಸ ನಡೆಯುತ್ತದೆ. ನಮ್ಮ ಹಠಯೋಗ ಪರಂಪರೆಯ ಎಣಿಕೆಯೂ ಇದೇ. ಇರುಳಿಡೀ ಹಾಡುವ ಯಕ್ಷಗಾನದ ಭಾಗವತರ ಕಂಠವನ್ನು ಎಲ್ಲರೂ ಹೊಗಳುತ್ತೇವೆ. ಆ ಕಂಠಕ್ಕೆ ಗಾಳಿಯನ್ನು ಅಳೆದು ಕೊಡುವ ವಪೆಗೂ ಹೊಟ್ಟೆಯ ಸ್ನಾಯುಗಳಿಗೂ ಅದರಲ್ಲಿ ಪಾಲುಂಟು.

ವಪೆಯ ನರ ಹುಟ್ಟುವುದು ಕುತ್ತಿಗೆಯಲ್ಲಿ, ಮೂರು, ನಾಲ್ಕು, ಐದನೆಯ ನರಗಳಿಂದ. ಕುತ್ತಿಗೆ ಮೇಲುಭಾಗದಲ್ಲಿ ಮುರಿದು ಹುರಿಗೆ ಏಟಾದಾಗ ಕೈಕಾಲುಗಳೊಡನೆ ಉಸಿರೂ ನಿಲ್ಲುವ ಭಯ ಇರುವುದು ಇದರಿಂದಲೇ.

ದುಡಿಯುವ ಬೆನ್ನು

ಬೆನ್ನೆಲುಬಿನ ಎರಡು ಮಗ್ಗುಲಲ್ಲಿ ಸೊಂಟದಿಂದ ಕತ್ತಿನವರೆಗೆ ಏರುವ ನೀಳವಾದ ಸ್ನಾಯುಗಳಿವೆ. ಮೂರು ಕಂಬಗಳಾಗಿ ನಿಂತು ನಮ್ಮನ್ನು ನೆಟ್ಟಗಿಡುವುವು. ಅವುಗಳ ತಳದಲ್ಲಿ ಮಣಿಯಿಂದ ಮಣಿಗೆ ಹೊಲಿಗೆ ಹಾಕಿದಂತಿರುವ ಕಿರಿಯ ಸ್ನಾಯುಗಳುಂಟು. ಮುಂಬದಿಯಲ್ಲಿ ಹೊಟ್ಟೆಯ ಸ್ನಾಯುಗಳು. ಧ್ವಜಸ್ತಂಭವನ್ನು ನಾಲ್ಕು ದಿಕ್ಕಿನ ಹಗ್ಗಗಳು ಹಿಡಿದಂತೆ ಇವೆಲ್ಲ ಸೇರಿ ಬೆನ್ನನ್ನು ಹಿಡಿದಿವೆ. ಒಂದು ಸಡಿಲಾದರೆ ಉಳಿದವುಗಳ ಮೇಲೆ ಭಾರ.

ಒಂದು ಲೆಕ್ಕವನ್ನು ನೋಡೋಣ. 15 ಕಿಲೋ ತೂಗುವ ಕೊಡಪಾನವನ್ನು ಬಾಗಿ, ಕೈಚಾಚಿ ಎತ್ತುತ್ತೇವೆ. ಮೆತ್ತೆಯ ನಡುವಿನಿಂದ ಕೊಡಪಾನಕ್ಕೆ 50 ಸೆಂಟಿಮೀಟರ್ ದೂರ. ಅದನ್ನು ಎದುರಿಸಿ ಎಳೆಯುವ ಬೆನ್ನಿನ ಸ್ನಾಯುವಿಗೆ ಸುಮಾರು 5 ಸೆಂಟಿಮೀಟರ್ ಮಾತ್ರ. ತಕ್ಕಡಿಯ ನಿಯಮದಂತೆ ಸ್ನಾಯು ಹತ್ತು ಪಟ್ಟು, ಎಂದರೆ 150 ಕಿಲೋ ಭಾರದಷ್ಟು ಎಳೆಯಬೇಕು. ಮುಂಡದ ಭಾರ ಇದರ ಮೇಲೆ ಬೇರೆ. ಅದೇ ಕೊಡಪಾನ ಮೈಗೆ ಹತ್ತಿರವಾಗಿ 20 ಸೆಂಟಿಮೀಟರಿನಲ್ಲಿದ್ದರೆ 60 ಕಿಲೋ ಸಾಕು. ಕೊಡಪಾನವನ್ನು ಸೊಂಟಕ್ಕೆ ತಾಗಿಸಿಯೇ ಹೊರುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಗಣಿತ ಅನುಭವದಿಂದಲೇ ತಿಳಿದಿತ್ತು.

2020ರಲ್ಲಿ ಜಗತ್ತಿನಲ್ಲಿ 61 ಕೋಟಿ 90 ಲಕ್ಷ ಜನರಿಗೆ ಸೊಂಟನೋವಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಬಾಗಿ ಕುಳಿತು ಬೀಡಿ ಕಟ್ಟುವ ತಾಯಂದಿರು, ಅಡಕೆ ಸುಲಿಯುವವರು, ಮೊಬೈಲಿನ ಮೇಲೆ ಕತ್ತು ಬಗ್ಗಿಸಿದ ನಮ್ಮ ಮಕ್ಕಳು, ಯಾರೂ ಇದಕ್ಕೆ ಹೊರತಲ್ಲ. ಭಯಪಡಬೇಕಾದುದಿಲ್ಲ, ಹೆಚ್ಚಿನ ಸೊಂಟನೋವು ಕೆಲವು ವಾರಗಳಲ್ಲಿ ತಾನಾಗಿ ತಗ್ಗುವುದು. ಹಾಸಿಗೆ ಹಿಡಿದು ಮಲಗುವುದೇ ಮದ್ದೆಂದು ಹಿಂದೆ ನಂಬಿದ್ದರು. ಅದು ತಪ್ಪೆಂದು ಈಗ ತಿಳಿದಿದೆ. ಆದಷ್ಟು ಓಡಾಡುತ್ತಿರಬೇಕು. ಬಾಗಿ ಕುಳಿತು ದುಡಿಯುವವರು ಅರ್ಧ ಗಂಟೆಗೊಮ್ಮೆಯಾದರೂ ಎದ್ದು ಮೈಮುರಿಯಬೇಕು. ಹೊರಚಾಚಿದ ಮೆತ್ತೆಯೂ ಬಹಳ ಮಂದಿಯಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ಶಮನವಾಗುವುದು.

ಆದರೆ ಕೆಲವು ಲಕ್ಷಣಗಳನ್ನು ಅಲಕ್ಷಿಸಬಾರದು. ಮೂತ್ರ ಮಲಗಳ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಜೋಮು, ಕಾಲಿನ ಬಲ ಕುಂದುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಬೆನ್ನುನೋವಿನೊಡನೆ ಜ್ವರ ಬರುವುದು, ತೂಕ ಇಳಿಯುವುದು, ಇರುಳಿನಲ್ಲಿ ನೋವು ಹೆಚ್ಚುವುದು ಇದ್ದರೆ ಕ್ಷಯರೋಗ ಬೆನ್ನೆಲುಬಿಗೆ ತಗಲಿರಬಹುದು. ಅದಕ್ಕೆ ಗುಣಪಡಿಸುವ ಔಷಧಗಳಿವೆ. ಇಂತಹ ಬೆನ್ನನ್ನು ಉಳುಕೆಂದು ಭಾವಿಸಿ ತಿಕ್ಕಿಸಬಾರದು, ತುಳಿಸಬಾರದು.

ಬಿದ್ದವನನ್ನು ಎತ್ತುವ ಮುನ್ನ

ಕಡೆಯದಾಗಿ ಆರಂಭದ ಮಾತಿಗೇ ಮರಳುತ್ತೇನೆ. ಪಕ್ಕೆಲುಬುಗಳಿಂದ ಬಿಗಿಯಾದ ಎದೆಭಾಗವೂ ಸಡಿಲವಾಗಿ ಆಡುವ ಸೊಂಟಭಾಗವೂ ಕೂಡುವ ಎಡೆಯಲ್ಲಿಯೇ ಎತ್ತರದಿಂದ ಬಿದ್ದವರ ಬೆನ್ನು ಹೆಚ್ಚಾಗಿ ಮುರಿಯುವುದು. ಮುರಿದ ಮಣಿ, ಹರಿದ ಕಟ್ಟು. ಆಗ ಹುರಿಯನ್ನು ಕಾಯುವವರು ಸುತ್ತ ನಿಂತ ನಾವೇ. ಮರದಿಂದ ಬಿದ್ದವನನ್ನು ಕುಳ್ಳಿರಿಸಬೇಡಿ, ಕೈಕಾಲು ಹಿಡಿದು ಎತ್ತಬೇಡಿ, ನೀರು ಕುಡಿಸಬೇಡಿ. ಉಸಿರಾಡುತ್ತಿರುವನೇ ಎಂದು ಮೊದಲು ನೋಡಿ. ಉಸಿರಿನ ರಕ್ಷಣೆ ಎಲ್ಲಕ್ಕಿಂತ ಮೊದಲು. ಉಸಿರಿದ್ದರೆ ಬಿದ್ದಲ್ಲಿಯೇ ಇರಗೊಟ್ಟು, ಒಬ್ಬರು ತಲೆಯನ್ನು ಎರಡು ಕೈಗಳಿಂದ ಅಲುಗದಂತೆ ಹಿಡಿದು, 108ಕ್ಕೆ ಕರೆ ಮಾಡಿ. ವಾಹನ ಬಾರದ ತೋಟವಾದರೆ, ಸಾಗಿಸಲೇಬೇಕಾದರೆ, ನಾಲ್ಕೈದು ಮಂದಿ ಕೂಡಿ, ತಲೆ, ಎದೆ, ಸೊಂಟ, ಕಾಲು ಒಂದೇ ಗೆರೆಯಲ್ಲಿ ಇರುವಂತೆ, ಮರದ ದಿಮ್ಮಿಯನ್ನು ಹೊರಳಿಸುವ ಹಾಗೆ ಒಮ್ಮೆಗೇ ಹೊರಳಿಸಿ, ಅಡಿಗೆ ಹಲಗೆಯನ್ನು ಸೇರಿಸಿ. ಹಲಗೆಗೆ ಬಟ್ಟೆಯಿಂದ ಕಟ್ಟಿ ಹೊರಿ. ಹಲಗೆ ಸಿಕ್ಕದಿದ್ದರೆ ಮನೆಯ ಬಾಗಿಲನ್ನೇ ಕಳಚಿ ತನ್ನಿ. ಬಾಗಿಲನ್ನು ಮತ್ತೆ ಇಡಬಹುದು.

ಪ್ರತಿ ತೋಟದ ಮನೆಯಲ್ಲಿ ಇಂತಹ ಒಂದು ಹಲಗೆ ಇರಲಿ, ಸಂಘದ ತರುಣರು ವರುಷಕ್ಕೊಮ್ಮೆಯಾದರೂ ಇದನ್ನು ಅಭ್ಯಾಸ ಮಾಡಲಿ ಎಂಬುದೇ ನನ್ನ ಬಿನ್ನಹ. ಆ ಬೆಳಗ್ಗೆ ನಾನು ಕಂಡ ಬೆರಳುಗಳ ಸಾಲವನ್ನು ತೀರಿಸಲು ನನಗೆ ಬೇರೆ ದಾರಿ ತೋರದು.