ಹಬ್ಬದ ಉಡುಗೊರೆಗೆ ಸಾಲ ಬೇಡ



ಕ್ರಿಸ್‌ಮಸ್ ಆಗಲಿ, ಸಂಕ್ರಾಂತಿ ಆಗಲಿ, ಮನೆಯವರಿಗೆ ಏನಾದರೂ ಕೊಡಬೇಕೆಂಬ ಆಸೆ ನಮಗೆಲ್ಲ ಇರುತ್ತದೆ. ಅದಕ್ಕೆಂದು ಸಂಘದಲ್ಲಿ ಸಾಲ ತೆಗೆದರೆ ಹಬ್ಬ ಒಂದು ದಿನ, ಕಂತು ವರ್ಷವೆಲ್ಲ! ಸಾಲ ಬಿತ್ತನೆಗೆ, ಹಸುವಿಗೆ, ಮಕ್ಕಳ ಓದಿಗೆ ಇರಲಿ.

ಕೈಯಾರೆ ಮಾಡಿದ್ದನ್ನೇ ಕೊಡೋಣ. ಹಳೇ ಹತ್ತಿ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿದರೆ, ಧನುರ್ಮಾಸದ ಚಳಿಗೆ ಅತ್ತೆಯವರಿಗೆ ಬೆಚ್ಚನೆ ಹೊದಿಕೆ ಆಯ್ತು.

ಮಕ್ಕಳಿಗೆ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಯಾವ ಕಡೆಯೂ ವರ್ಷವಿಡೀ ಹರಿಯುವ ನದಿ ಇಲ್ಲ. ಬೇಸಿಗೆ ಬಂದರೆ ಹಕ್ಕಿಗಳಿಗೂ ನೀರಿನ ಬರ. ಒಕ್ಕಣೆಗೆ ಮುಂಚೆ ಒಂದು ಹಿಡಿ ರಾಗಿ ತೆನೆ ಎತ್ತಿಟ್ಟು, ಗೊಂಚಲು ಕಟ್ಟಿ ಮಕ್ಕಳ ಕೈಗೆ ಕೊಡಿ. ಬೆಕ್ಕಿಗೆ ಎಟುಕದ ಹಾಗೆ ಅವರೇ ಸೂರಿಗೆ ಕಟ್ಟಲಿ. ಪಕ್ಕದಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡಲಿ. ಸೊಳ್ಳೆ ಆಗದಂತೆ ದಿನಾ ತೊಳೆದು ಬದಲಿಸಲಿ. ಗುಬ್ಬಿ ತನ್ನ ಮರಿಗಳಿಗೆ ಹುಳು ಹೆಕ್ಕಿ ತಿನ್ನಿಸುತ್ತೆ, ಹಿತ್ತಲ ಸೊಪ್ಪಿಗೂ ಒಳ್ಳೇದು.

ಕೈಯಲ್ಲಿ ಸ್ವಲ್ಪ ದುಡ್ಡು ಉಳಿಯಿತೇ? ಮನೆಯಲ್ಲಿ 10 ವರ್ಷದೊಳಗಿನ ಹೆಣ್ಣುಮಗು ಇದ್ದರೆ ಅಂಚೆ ಕಚೇರಿಗೆ ಹೋಗಿ. 2015ರಲ್ಲಿ ಶುರುವಾದ ಸುಕನ್ಯಾ ಸಮೃದ್ಧಿ ಖಾತೆಯನ್ನು 250 ರೂಪಾಯಿಗೆ ತೆರೆಯಬಹುದು. ಹೊಸ ಬಟ್ಟೆ ಹರಿಯುತ್ತೆ, ಆ ಪುಸ್ತಕ ಅವಳ ಜೊತೆ ಬೆಳೆಯುತ್ತೆ.

ಈ ಹಬ್ಬಕ್ಕೆ ಯಾರಿಗೆ ಏನು ಮಾಡಿ ಕೊಡುತ್ತೀರಿ? ಮುಂದಿನ ಸಭೆಯಲ್ಲಿ ಒಬ್ಬೊಬ್ಬರಾಗಿ ಹೇಳೋಣ. ದೇವರು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.