ಟಾನ್ಸಿಲಿನ ಬೇನೆ: ಗುರುತುಗಳೂ ಎಚ್ಚರಿಕೆಯೂ



ನಮ್ಮ ಶರೀರದ ಒಳ ಅವಯವಗಳಲ್ಲಿ ಕಣ್ಣಿಗೆ ನೇರವಾಗಿ ಕಾಣಿಸುವಂಥವು ಬಹಳ ಕಡಮೆ. ಹೃದಯದ ಮಿಡಿತವನ್ನು ವೈದ್ಯರು ಕಿವಿಗೊಟ್ಟು ಕೇಳಬೇಕು. ಶ್ವಾಸಕೋಶದ ಸ್ಥಿತಿಯನ್ನು ತಿಳಿಯಲು ಎಕ್ಸ್-ರೇ ಚಿತ್ರ ಬೇಕಾಗಬಹುದು. ಗಂಟಲಿನ ಬಾಗಿಲನ್ನು ನೋಡಲು ಮಾತ್ರ ಒಂದು ಚಮಚದ ಹಿಡಿಯೂ ಸ್ವಲ್ಪ ಬೆಳಕೂ ಇದ್ದರೆ ಸಾಕು. ಹೀಗಿದ್ದರೂ ಗಂಟಲು ನೋವು ಬಂದಾಗ ನಮ್ಮಲ್ಲಿ ಕೆಲವರು ನೋಡದೆಯೆ ಉದಾಸೀನರಾಗುತ್ತಾರೆ. ಮತ್ತೆ ಕೆಲವರು ನೋಡಿ ಅನಾವಶ್ಯಕವಾಗಿ ಬೆದರುತ್ತಾರೆ. ನಾವು ವೈದ್ಯರಲ್ಲ, ಪಾಠ ಹೇಳುವ ವೃತ್ತಿಯವರು. ಆದರೆ ರೋಗಿಯನ್ನು ಯಾವಾಗ ವೈದ್ಯರ ಬಳಿಗೆ ಕರೆದೊಯ್ಯಬೇಕೆಂಬ ನಿಶ್ಚಯವು ವೈದ್ಯರ ಕೈಯಲ್ಲಿಲ್ಲ. ಅದು ಮನೆಯವರ ಕೈಯಲ್ಲಿದೆ. ಆ ನಿಶ್ಚಯಕ್ಕೆ ಬೇಕಾದ ತಿಳಿವಳಿಕೆಯನ್ನು ಈ ಹೊತ್ತು ವಿಚಾರಿಸೋಣ.

ಬಾಯಿ ತೆರೆದಾಗ ನಡುವೆ ಇಳಿಬಿದ್ದಿರುವುದು ಕಿರುನಾಲಗೆ. ಅದರ ಎಡಬಲಗಳಲ್ಲಿ ಬಾದಾಮಿಯ ಆಕಾರದ ಎರಡು ಗ್ರಂಥಿಗಳಿವೆ, ಇವೇ ಟಾನ್ಸಿಲುಗಳು. ಉಸಿರಿನೊಡನೆಯೂ ಆಹಾರದೊಡನೆಯೂ ಬರುವ ರೋಗಾಣುಗಳನ್ನು ಗುರುತಿಸಿ ದೇಹದ ರಕ್ಷಣೆಗೆ ನೆರವಾಗುವುದು ಇವುಗಳ ಕೆಲಸ. ಬಾಲ್ಯದಲ್ಲಿ ಇವು ದೊಡ್ಡವಾಗಿದ್ದು, ಪ್ರಾಯ ಬಂದಂತೆ ಕುಗ್ಗುತ್ತವೆ. ಆದಕಾರಣ ಮಗುವಿನ ಟಾನ್ಸಿಲು ದೊಡ್ಡದಾಗಿ ಕಂಡಮಾತ್ರಕ್ಕೆ ಅದನ್ನು ರೋಗವೆಂದು ತಿಳಿಯತಕ್ಕದ್ದಲ್ಲ. ಬೇನೆ ತಗಲಿದಾಗ ಅವು ಕೆಂಪೇರಿ ಊದಿಕೊಳ್ಳುತ್ತವೆ. ಮೇಲೆ ಬಿಳಿಯ ಅಥವಾ ಹಳದಿಯ ಚುಕ್ಕೆಗಳು ಕಾಣಬಹುದು. ನುಂಗುವಾಗ ನೋವು, ಜ್ವರ, ತಲೆನೋವು, ಬಾಯಿಯ ದುರ್ಗಂಧ, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟುಗಳು, ಇವು ಇತರ ಲಕ್ಷಣಗಳು. ಎಳೆಯ ಮಕ್ಕಳು ಗಂಟಲು ನೋಯುತ್ತದೆಂದು ಹೇಳಲಾರರು. ಊಟ ಒಲ್ಲೆನೆನ್ನುತ್ತಾರೆ, ಇಲ್ಲವೆ ಹೊಟ್ಟೆನೋವೆಂದು ಅಳುತ್ತಾರೆ.

ಈ ಬೇನೆಗೆ ಕಾರಣ ಎರಡು ಬಗೆ. ಹೆಚ್ಚಾಗಿ ಬರುವುದು ವೈರಸ್ಸುಗಳಿಂದ. ಆಗ ನೆಗಡಿ, ಕೆಮ್ಮು, ಧ್ವನಿ ಒಡೆಯುವುದು ಜೊತೆಗೂಡಿರುತ್ತವೆ. ಇದು ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿಯೆ ಶಮನವಾಗುತ್ತದೆ. ಬೆಚ್ಚನೆಯ ಉಪ್ಪುನೀರಿನಿಂದ ಗಂಟಲು ಮುಕ್ಕುಳಿಸುವುದು, ಗಂಜಿ, ತಿಳಿಸಾರು, ಸಾಕಷ್ಟು ನೀರು, ವಿಶ್ರಾಂತಿ, ಜ್ವರಕ್ಕೆ ವಯಸ್ಸಿಗೆ ತಕ್ಕ ಪ್ರಮಾಣದ ಪ್ಯಾರಾಸಿಟಮಾಲ್, ಇಷ್ಟೇ ಉಪಚಾರ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧಗಳನ್ನು ಇಲ್ಲಿ ಕೊಟ್ಟರೆ ಲೇಶವೂ ಪ್ರಯೋಜನವಿಲ್ಲ.

ಎರಡನೆಯ ಬಗೆಯದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯದಿಂದ ಬರತಕ್ಕದ್ದು. ಇದು ೫ರಿಂದ ೧೫ ವರ್ಷದ ಮಕ್ಕಳಲ್ಲಿ ಹೆಚ್ಚು. ಕೆಮ್ಮು ನೆಗಡಿಗಳಿಲ್ಲದೆ ಹಠಾತ್ತಾಗಿ ಜ್ವರವೇರಿ, ಟಾನ್ಸಿಲಿನ ಮೇಲೆ ಕೀವಿನ ಚುಕ್ಕೆಗಳು ಕಂಡು, ಕತ್ತಿನ ಗಂಟುಗಳು ನೋಯುತ್ತಿದ್ದರೆ ಇದನ್ನು ಶಂಕಿಸಬೇಕು. ಕಣ್ಣಿನ ಪರೀಕ್ಷೆಯಿಂದಲೆ ಇದನ್ನು ನಿರ್ಧರಿಸುವುದು ವೈದ್ಯರಿಗೂ ಕಷ್ಟ. ಗಂಟಲಿನ ದ್ರವವನ್ನು ಅರಳೆಯ ಕಡ್ಡಿಯಿಂದ ತೆಗೆದು ಪರೀಕ್ಷಿಸುವುದುಂಟು.

ಇಲ್ಲಿ ನಾವು ಗಮನಿಸಬೇಕಾದ ಮುಖ್ಯ ವಿಷಯವೊಂದಿದೆ. ಈ ಗಂಟಲು ನೋವು ಚಿಕಿತ್ಸೆಯಿಲ್ಲದೆಯೂ ಕೆಲವು ದಿನಗಳಲ್ಲಿ ನಿಂತುಹೋಗುತ್ತದೆ. ಅಪಾಯ ಅಲ್ಲಿಗೆ ತೀರಿತೆಂದಲ್ಲ. ಎರಡು ಮೂರು ವಾರಗಳ ತರುವಾಯ ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರವು ತಲೆದೋರಿ, ಕೀಲುಗಳು ಒಂದಾದಮೇಲೊಂದು ಊದಿ ನೋಯುತ್ತವೆ. ಕೀಲುಗಳು ವಾಸಿಯಾಗುತ್ತವೆ, ಆದರೆ ಹೃದಯದ ಕವಾಟಗಳಿಗೆ ತಗಲಿದ ಹಾನಿ ಜೀವಮಾನವಿಡೀ ಉಳಿಯಬಹುದು. ಭಾರತದಲ್ಲಿ ಈ ಪಿಡುಗು ಇನ್ನೂ ಅಳಿದಿಲ್ಲ. ೧೯೨೮ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರು ಕಂಡುಹಿಡಿದ ಪೆನಿಸಿಲಿನ್ ಇದನ್ನು ತಡೆಯಬಲ್ಲುದು. ನೋವು ಮೊದಲಾದ ೯ ದಿನಗಳೊಳಗೆ ಚಿಕಿತ್ಸೆ ಆರಂಭವಾದರೂ ಹೃದಯಕ್ಕೆ ರಕ್ಷಣೆಯುಂಟು. ಬಾಯಿಂದ ಕೊಡುವುದಾದರೆ ಸಾಮಾನ್ಯವಾಗಿ ೧೦ ದಿನ ಕೊಡುತ್ತಾರೆ. ಮೂರನೆಯ ದಿನ ಮಗು ಆಡತೊಡಗಿತೆಂದು ಔಷಧವನ್ನು ನಿಲ್ಲಿಸುವುದೂ, ಉಳಿದ ಮಾತ್ರೆಗಳನ್ನು ಇನ್ನೊಬ್ಬರಿಗೆ ಕೊಡುವುದೂ ನಮ್ಮ ಮನೆಗಳಲ್ಲಿ ರೂಢಿ. ಇದು ಉಳಿತಾಯವಲ್ಲ.

ಹಾಗಾದರೆ ಯಾವಾಗ ವೈದ್ಯರನ್ನು ಕಾಣಬೇಕು? ನೋವು ಎರಡು ಮೂರು ದಿನಗಳಾದರೂ ಇಳಿಯದಿದ್ದರೆ, ಜ್ವರ ೧೦೧ ಡಿಗ್ರಿ ಫಾರನ್‌ಹೀಟನ್ನು ಮೀರಿದರೆ, ಕೀವಿನ ಚುಕ್ಕೆಗಳಾಗಲಿ ಮೈಮೇಲೆ ಕೆಂಪು ದದ್ದುಗಳಾಗಲಿ ಕಂಡರೆ, ಹಿಂದೆ ರುಮ್ಯಾಟಿಕ್ ಜ್ವರ ಬಂದಿದ್ದರೆ, ಕಾಣಬೇಕು. ಬೂದುಬಣ್ಣದ ಪೊರೆಯೊಂದು ಗಂಟಲಿಗೆ ಅಂಟಿಕೊಂಡಿದ್ದರೆ ಅದು ಡಿಫ್ತೀರಿಯ ಆಗಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ನೋವು ಒಂದೇ ಪಕ್ಕಕ್ಕೆ ಹೆಚ್ಚಿ, ಬಾಯಿ ಬಿಡಲಾಗದೆ, ಬಿಸಿ ತುತ್ತನ್ನು ಬಾಯಲ್ಲಿಟ್ಟುಕೊಂಡವರಂತೆ ಮಾತು ತೊದಲಿದರೆ ಒಳಗೆ ಕೀವು ಕಟ್ಟಿದೆಯೆಂದು ಶಂಕಿಸಬೇಕು. ಎಂಜಲನ್ನೂ ನುಂಗಲಾರದೆ ಜೊಲ್ಲು ಸುರಿಯುತ್ತಿದ್ದರೆ, ಉಸಿರಾಡಲು ಕಷ್ಟವಾದರೆ, ಒಂದು ಗಳಿಗೆಯೂ ತಡೆಯಬಾರದು. ಅಂಥ ಮಗುವಿನ ಬಾಯಲ್ಲಿ ಚಮಚವಿಟ್ಟು ನೋಡುವ ಯತ್ನವನ್ನೂ ಮಾಡಬಾರದು.

ಅಮೆರಿಕದ ಪ್ರಥಮ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರಿಗೆ ೧೭೯೯ರ ಡಿಸೆಂಬರ್ ೧೩ರಂದು ಗಂಟಲು ನೋವು ಬಂದಿತು. ಅವರು ಅದನ್ನು ಲಕ್ಷಿಸದೆ ಮಲಗಿದರು. ಮರುದಿನ ಬೆಳಗಾಗುವ ಮೊದಲೇ ಉಸಿರು ಕಟ್ಟತೊಡಗಿತು. ಆ ಕಾಲದ ಪದ್ಧತಿಯಂತೆ ಮತ್ತೆ ಮತ್ತೆ ರಕ್ತ ತೆಗೆದರು. ಅಂದಿನ ರಾತ್ರಿಯೆ ಅವರು ತೀರಿಕೊಂಡರು. ಈಗಿನ ಹಲವು ವೈದ್ಯರು ಅದನ್ನು ಶ್ವಾಸನಾಳದ ಮುಚ್ಚಳದ ಊತವೆಂದು ಊಹಿಸುತ್ತಾರೆ. ಇಂದು ಆಸ್ಪತ್ರೆಗಳಲ್ಲಿ ಉಸಿರಿನ ದಾರಿಯನ್ನು ತೆರೆದಿಡುವ ಸಾಧನಗಳಿವೆ. ಆದರೆ ಸಕಾಲದಲ್ಲಿ ಬಂದವರಿಗೆ ಮಾತ್ರ ಅವು ಉಪಯೋಗಕ್ಕೆ ಬರುತ್ತವೆ.

ಟಾನ್ಸಿಲುಗಳನ್ನು ಕತ್ತರಿಸಿ ತೆಗೆಸಬೇಕೆ ಎಂದು ಅನೇಕ ತಂದೆತಾಯಿಗಳು ಕೇಳುತ್ತಾರೆ. ಹಿಂದೆ ಈ ಶಸ್ತ್ರಚಿಕಿತ್ಸೆಯನ್ನು ಉದಾರವಾಗಿ ಮಾಡುತ್ತಿದ್ದರು. ಈಗ, ಒಂದು ವರ್ಷದಲ್ಲಿ ೭ ಬಾರಿ, ಅಥವಾ ಎರಡು ವರ್ಷ ವರ್ಷಕ್ಕೆ ೫ ಬಾರಿ, ಅಥವಾ ಮೂರು ವರ್ಷ ವರ್ಷಕ್ಕೆ ೩ ಬಾರಿ ತೀವ್ರವಾಗಿ ಬೇನೆ ಬಂದಿದ್ದರೆ ಆ ಮಾತನ್ನು ಯೋಚಿಸುತ್ತಾರೆ. ವಯಸ್ಕರಲ್ಲಿ, ವಿಶೇಷವಾಗಿ ಹೊಗೆಸೊಪ್ಪಿನ ಅಭ್ಯಾಸವುಳ್ಳವರಲ್ಲಿ, ಜ್ವರವಿಲ್ಲದೆ ಒಂದೇ ಟಾನ್ಸಿಲು ದೊಡ್ಡದಾಗಿ ಮೂರು ವಾರ ಕಳೆದರೂ ಇಳಿಯದಿದ್ದರೆ ಅರ್ಬುದದ ಶಂಕೆಯಿಂದ ಪರೀಕ್ಷೆ ಮಾಡಿಸುವುದು ಅವಶ್ಯ.

ಗಂಟಲು ನೋವುಗಳಲ್ಲಿ ಬಹುಪಾಲು ಉಪ್ಪುನೀರಿಗೂ ವಿಶ್ರಾಂತಿಗೂ ಸೋಲತಕ್ಕವೇ. ಸೋಲದೆ ಉಳಿಯುವ ಕೆಲವನ್ನು ಗುರುತಿಸುವ ಭಾರ ಮನೆಯ ಹಿರಿಯರ ಮೇಲಿದೆ. ಮಗುವಿನ ಗಂಟಲು ಹಾಗೆ ಕೆರಳಿದ ದಿನ ತಡಮಾಡದೆ ವೈದ್ಯರ ಮನೆಯ ಬಾಗಿಲು ತಟ್ಟಿದವರು ಅದರ ಹೃದಯವನ್ನೂ ಕಾಪಾಡಿದವರಾಗುತ್ತಾರೆಂದು ಹೇಳಿ ಈ ಭಾಷಣವನ್ನು ಮುಗಿಸುತ್ತೇವೆ.