ಒಂದು ಸಲಕ್ಕೆ ಒಂದೇ ಬದಲಾವಣೆ

ಗುರಿ ತಪ್ಪಿದರೆ ದೋಷ ಕೈಯದೋ, ರೈಫಲಿನದೋ? ಇದು ತಿಳಿಯದೆ ಹಣ ಸುರಿಯುವವರಿದ್ದಾರೆ, ಬೇಸತ್ತು ಕ್ರೀಡೆಯನ್ನೇ ಬಿಡುವವರೂ ಇದ್ದಾರೆ.

ಅಮೆರಿಕದಲ್ಲಿ 1964ರಲ್ಲಿ ಬಂದ .22 ರೂಗರ್ 10/22 ರೈಫಲನ್ನೇ ನೋಡಿ. ಅದು ಅರೆ-ಸ್ವಯಂಚಾಲಿತ. ಹಾರಿದ ಗುಂಡಿನ ಒತ್ತಡವೇ ಬೋಲ್ಟನ್ನು ಹಿಂದೆ ತಳ್ಳುತ್ತದೆ, ಮುಂದಿನ ತೋಟಾ ತಾನೇ ಒಳಸೇರುತ್ತದೆ. ಅದು ಸಲೀಸಾಗಿ ಕೂರಲೆಂದು ಒಳಗೆ ಕೊಂಚ ಸಡಿಲ ಜಾಗ ಬಿಟ್ಟಿರುತ್ತಾರೆ. ಗುಂಡು ತುಸು ಓರೆಯಾದರೂ ಗುರಿ ಚದುರುತ್ತದೆ.

ಅದರ ನಳಿಗೆಯನ್ನು ಹಿಡಿದಿರುವುದು ಎರಡೇ ತಿರುಪು. ಬದಲಿಸುವುದು ಸುಲಭ, ಆದರೆ ಅಲ್ಲಿಂದ ಆರಂಭಿಸಬೇಡಿ. ಅಧಿಕೃತ ರೇಂಜಿನಲ್ಲಿ ರೈಫಲನ್ನು ಮರಳುಚೀಲದ ಮೇಲಿಟ್ಟು, 50 ಮೀಟರಿಗೆ ಐದೈದು ಗುಂಡು ಹಾರಿಸಿ, ರಂಧ್ರಗಳ ಹರಡನ್ನು ಅಳೆಯಿರಿ. ರೈಫಲನ್ನು ಖಾಲಿ ಮಾಡಿ, ಹಿಡಿಯ ತಿರುಪು ಸಡಿಲವಿದ್ದರೆ ಬಿಗಿ ಮಾಡಿ, ಮತ್ತೆ ಅಳೆಯಿರಿ. ಆಮೇಲೆ ತೋಟಾ ಬದಲಿಸಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದಕ್ಕಿಂತ ವೇಗವಾಗಿ ಹೊರಟ ಗುಂಡು ಆ ಮಿತಿಗೆ ಇಳಿಯುವಾಗ ಗಾಳಿಯಲ್ಲಿ ಕದಲುತ್ತದೆ. ಸ್ಪರ್ಧೆಯ ತೋಟಾಗಳು ಸಾಮಾನ್ಯವಾಗಿ ಅದಕ್ಕಿಂತ ನಿಧಾನ. ತೀರಾ ನಿಧಾನವಾದರೆ ಮಾತ್ರ ಬೋಲ್ಟ್ ಪೂರ್ತಿ ಹಿಂದೆ ಸರಿಯದು.

ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಒಮ್ಮೆಗೇ ಎರಡನ್ನು ಬದಲಿಸಿದ್ದೆ. ಉತ್ತರ ಸರಿ ಬಂತು, ಕಾರಣ ಹೇಳಲಾಗಲಿಲ್ಲ. ಅಂದು ಕಲಿತ ಪಾಠ ಇಲ್ಲಿಗೂ ಸಲ್ಲುತ್ತದೆ.